ತಗ್ಗಿನ ಮೇಲೆ ಹಳದಿ

"ಇದಕ್ಕೆ ಹಳದಿ ಬಳಿದವರು ಯಾರು?"

ಉತ್ತರ ಕೊಡಲು ಸಭಾಂಗಣದಲ್ಲಿ ಯಾರೂ ಇರಲಿಲ್ಲ. ಖಾಲಿ ಕುರ್ಚಿಗಳಿದ್ದವು, ಮೈಕುಗಳಿದ್ದವು, ಗೋಡೆಯ ತುಂಬ ಊರಿನ ಮುಂದಿನ ಇಪ್ಪತ್ತು ವರ್ಷದ ನಕ್ಷೆಯಿತ್ತು. ನಕ್ಷೆ ಬರೆದವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಪೂರ್ವದ ತಗ್ಗಿಗೆ ಅವಳು ಬಳಿದದ್ದು ಹಸಿರು, ಅಂದರೆ ಏನೂ ಕಟ್ಟಬಾರದ ಜಾಗ. ವಾರದ ಕೊನೆಯಲ್ಲಿ ಹಾಗೆಯೇ ತೂಗುಹಾಕಿ ಹೋಗಿದ್ದಳು. ಸೋಮವಾರ ಬಂದು ನೋಡಿದರೆ ಹಳದಿ. ಮನೆ ಕಟ್ಟುವ ಜಾಗ.

ಬಳಿದವರಿಗೆ ಕೆಲಸ ಬರುತ್ತಿರಲಿಲ್ಲ. ಹಸಿರಿನ ಮೇಲೆ ಹಳದಿ ಕೂರುವುದಿಲ್ಲ, ಪಿತ್ತದ ಬಣ್ಣಕ್ಕೆ ತಿರುಗುತ್ತದೆ. ಅದೂ ಹೋಗಲಿ, ಅವಸರದಲ್ಲಿ ಮೂಲೆಯನ್ನು ಮರೆತಿದ್ದರು. ಆ ಕಚೇರಿಯಲ್ಲಿ ಹಿಂದಿನಿಂದ ಬಂದ ನಿಯಮವೊಂದಿತ್ತು. ನೆಲವನ್ನು ನಡೆದು ನೋಡಿದವರು ಬಣ್ಣದ ಮೂಲೆಯಲ್ಲಿ ರುಜು ಹಾಕಿ ತಾರೀಕು ಬರೆಯಬೇಕು. ಬಣ್ಣ ಬದಲಾದರೆ ಮತ್ತೆ ರುಜು, ಮತ್ತೆ ತಾರೀಕು. ಇಲ್ಲಿ ಹಳದಿಯ ಕೆಳಗೆ ಅವಳ ಹಳೆಯ ರುಜುವೇ ಇತ್ತು, ಹಸಿರಿನ ತಾರೀಕೇ ಇತ್ತು.

ಅವಳು ಅದನ್ನು ಯಾರಿಗೂ ಹೇಳಲಿಲ್ಲ. ನೌಕರರ ಸಾಲಿನ ಕೊನೆಯ ಕುರ್ಚಿಯಲ್ಲಿ ಹೋಗಿ ಕೂತಳು.

ಹನ್ನೊಂದಕ್ಕೆ ಪುರಸಭೆಯ ಸದಸ್ಯರೆಲ್ಲ ಬಂದು ಸಭೆ ತುಂಬಿತು. ಸಾರ್ವಜನಿಕರ ಬೆಂಚಿನಲ್ಲಿ ಅವಳ ತಂಗಿಯೂ ಬಂದು ಕೂತಿದ್ದಳು. ತಂಗಿಯೂ ಅವಳ ಗಂಡನೂ ಆ ತಗ್ಗಿನಲ್ಲಿ ಒಂದು ನಿವೇಶನ ಹಿಡಿದಿದ್ದರು. ಮದುವೆಯಾದ ಹತ್ತೊಂಬತ್ತು ವರ್ಷಕ್ಕೆ ಅವರದು ಒಂಬತ್ತನೆಯ ಬಾಡಿಗೆ ಮನೆ. ಗೋಡೆಗೊಂದು ಮೊಳೆ ಹೊಡೆಯಲು ಯಾರ ಅಪ್ಪಣೆಯೂ ಬೇಡದ ಮನೆ ಇರಲಿ ಎನ್ನುವುದಷ್ಟೇ ತಂಗಿಯ ಆಸೆ.

"ಸುಸ್ಥಿರ ಬೆಳವಣಿಗೆ ಅಂದ್ರೆ ಬೆಳೆಯೋದನ್ನೇ ನಿಲ್ಲಿಸೋದಲ್ಲ," ಎಂದರು ಅಧ್ಯಕ್ಷರು. "ನಾಳೆ ಹುಟ್ಟೋ ಮಕ್ಕಳನ್ನ ಎಲ್ಲಿ ಮಲಗಿಸ್ತೀರಿ? ಈ ನಕ್ಷೆ ಮೇಲಾ?"

ಸಭೆ ನಕ್ಕಿತು. ಸದಸ್ಯರಲ್ಲೊಬ್ಬ ದರ್ಜಿ. ಅವನು ಎದ್ದು ನಿಂತ.

"ಮಕ್ಕಳ ಅಂಗಿ ಹೊಲಿಯುವಾಗ ಅಂಚಲ್ಲಿ ಒಂದಿಂಚು ಮಡಚಿ ಬಿಡ್ತೀವಿ, ಬೆಳೆದಾಗ ಬಿಚ್ಚೋಕೆ ಅಂತ. ಅದನ್ನೂ ಕತ್ತರಿಸಿ ಜೇಬು ಮಾಡಿಸ್ಕೊಂಡ್ರೆ ಹೇಗೆ ಸ್ವಾಮಿ?"

"ಯಾರ ಜೇಬು ಅಂತ ಬಿಡಿಸಿ ಹೇಳಿ," ಎಂದಿತು ಹಿಂದಿನ ಸಾಲು.

"ಅಳತೆ ಕೊಟ್ಟೋರಿಗೆ ಗೊತ್ತಿರುತ್ತೆ," ಎಂದು ದರ್ಜಿ ಕೂತ.

ಆದರೂ ಹದಿನಾಲ್ಕು ಸದಸ್ಯರಲ್ಲಿ ಒಂಬತ್ತು ಮಂದಿ ಕೈ ಎತ್ತಿದರು. ಹಳದಿ ಗೆದ್ದಿತು. ಮುದ್ರೆ ಒತ್ತಲು ಹೋದ ಕಾರ್ಯದರ್ಶಿ ಮೂಲೆಯ ತಾರೀಕು ನೋಡಿ ನಿಂತ. ನಕ್ಷೆ ಅಂದೇ ಸಂಜೆ ಮೇಲಿನ ಕಚೇರಿಗೆ ಸೇರಬೇಕು. ಹೊಸ ರುಜು ಬೀಳದಿದ್ದರೆ ಹಳೆಯ ಬಣ್ಣವೇ ಊರ್ಜಿತ. ಅವನು ಬಗ್ಗಿ ಅಧ್ಯಕ್ಷರ ಕಿವಿಯಲ್ಲಿ ಹೇಳಿದ.

"ಬಣ್ಣದಕ್ಕಾ, ಸ್ವಲ್ಪ ಬನ್ನಿ," ಎಂದರು ಅಧ್ಯಕ್ಷರು. ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. "ಮೂಲೆಗೊಂದು ರುಜು ಬೇಕಂತೆ. ಸಣ್ಣ ಕೆಲಸ."

ಅವಳು ನಕ್ಷೆಯ ಬಳಿ ಹೋಗಿ ನಿಂತಳು.

"ಈ ಹಳದಿ ನಾನು ಹಾಕಿದ್ದಲ್ಲ ಸರ್."

"ಯಾರು ಹಾಕಿದ್ರೇನು, ಸಭೆ ಒಪ್ಪಿದೆಯಲ್ಲ."

"ಮಳೆ ನಿಂತು ಮೂವತ್ತೆರಡು ದಿನ ಆದ್ಮೇಲೂ ಅಲ್ಲಿ ಮೊಣಕಾಲುದ್ದ ನೀರಿತ್ತು. ಕೋಲು ಊರಿ ಅಳೆದೋಳು ನಾನು. ಆ ನೀರು ಇಂಗಿ ಬರೋದು ಊರಿನ ಬಾವಿಗಳಿಗೆ. ನಿಮ್ಮ ಮುಂದಿರೋ ಲೋಟದ್ದೂ ಅದೇ."

ಕುಡಿಯಲು ಲೋಟ ಎತ್ತಿದ್ದ ಸದಸ್ಯರೊಬ್ಬರು ಅದನ್ನು ಮೆಲ್ಲಗೆ ಕೆಳಗಿಟ್ಟರು.

"ನಿಮಗಿನ್ನು ಎಂಟು ತಿಂಗಳ ನೌಕರಿ," ಎಂದರು ಅಧ್ಯಕ್ಷರು. ದನಿ ಏರಲಿಲ್ಲ. "ನೆಮ್ಮದಿಯಾಗಿ ಮುಗಿಸ್ಕೊಂಡು ಹೋಗಿ ಅಂತ ನನ್ನಾಸೆ."

"ನನ್ನಾಸೆನೂ ಅದೇ ಸರ್."

ಅಧ್ಯಕ್ಷರು ಹಿಂದಿನ ಬೆಂಚಿನತ್ತ ನೋಡಿದರು. "ಹತ್ತು ನಿಮಿಷ ವಿರಾಮ. ನಿಮ್ಮ ತಂಗಿ ಬಂದಿದ್ದಾರಲ್ಲ, ಮಾತಾಡ್ಕೊಳ್ಳಿ."

ತಂಗಿ ಬಂದಳು. ಕೈಯಲ್ಲಿ ಆಗಲೇ ಯಾರೋ ಕೊಟ್ಟ ಪೆನ್ನಿತ್ತು, ಮುಚ್ಚಳ ತೆಗೆದದ್ದು.

"ನನ್ನ ಮಗಳ ಎತ್ತರ ಗೀಚಿದ ಬಾಗಿಲು ಒಂಬತ್ತು ಅಕ್ಕಾ. ಒಂದೂ ನಮ್ಮದಲ್ಲ."

"ಗೊತ್ತು."

"ಬೇರೆ ಕಡೆ ನಮ್ಮ ಕೈಗೆಟುಕೋ ಜಾಗ ಇದ್ರೆ ನೀನೇ ತೋರಿಸು. ಊರೆಲ್ಲಾ ಬರೆದೋಳು ನೀನೇ ಅಲ್ವಾ."

ಅಂಥ ಜಾಗ ನಕ್ಷೆಯಲ್ಲಿ ಎಲ್ಲಿಯೂ ಇರಲಿಲ್ಲ.

"ಅಲ್ಲಿ ನೀರು ನಿಲ್ಲುತ್ತೆ ಕಣೇ."

"ನಿಲ್ಲಲಿ. ಎತ್ತರಕ್ಕೆ ಕಟ್ಕೋತೀವಿ."

"ನೀವು ಎತ್ತರದಲ್ಲಿರ್ತೀರಿ. ನೀರು ಎಲ್ಲಿರಬೇಕು?"

ಚಿಕ್ಕವರಿದ್ದಾಗ ಅಮ್ಮ ಇಬ್ಬರನ್ನೂ ದೀಪದ ಮುಂದೆ ಕೂರಿಸಿ ಪದ್ಯ ಒಪ್ಪಿಸಿಕೊಳ್ಳುತ್ತಿದ್ದಳು. ತಂಗಿ ಸಾಲು ಮರೆತಾಗಲೆಲ್ಲ ಅಕ್ಕ ಅಮ್ಮನಿಗೆ ಕಾಣದಂತೆ ತುಟಿ ಆಡಿಸಿ ತೋರಿಸುತ್ತಿದ್ದಳು. ಒಂದು ದಿನವೂ ಕೈಬಿಟ್ಟವಳಲ್ಲ. ಈಗಲೂ ತಂಗಿ ಅವಳ ತುಟಿಯನ್ನೇ ನೋಡುತ್ತಿದ್ದಳು.

"ಇಷ್ಟು ವರ್ಷದಲ್ಲಿ ನಿನ್ನ ಹತ್ರ ಏನಾದ್ರೂ ಕೇಳಿದೀನಾ?"

"ಇಲ್ಲ. ನೀನು ಕೇಳಿದೋಳಲ್ಲ."

"ಇವತ್ತು ಕೇಳ್ತಿದೀನಿ. ಎರಡಕ್ಷರ. ಹಾಕು ಅಕ್ಕಾ."

ಅಕ್ಕ ಪೆನ್ನು ತೆಗೆದುಕೊಂಡಳು. ಮುಚ್ಚಳ ಹಾಕಿ ತಂಗಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಹಾಕೋದಿಲ್ಲ."