ಗಾಜಾದರೂ ಒಡೆದಿದೆಯಾ?

ಬೀದಿಯವರೆಲ್ಲ ಅವಳನ್ನು ಮೀನಕ್ಕ ಎಂದೇ ಕರೆಯುತ್ತಿದ್ದರು. ಅಲಂಕಾರದ ಮೀನು ಮಾರುವ ಆ ಅಂಗಡಿ ಅವಳ ಮಾವನದು. ಗಂಡ ತೀರಿಕೊಂಡ ಮೇಲೆ ಅವಳು ಕೌಂಟರಿಗೆ ಬಂದಳು, ಮಾವ ಹಿಂದಿನ ಕೋಣೆಗೆ ಸರಿದರು. ಅಂಗಡಿಯ ಜೀವ ಇದ್ದದ್ದೇ ಹಿಂದಿನ ಕೋಣೆಯಲ್ಲಿ. ಅಲ್ಲಿ ಹದಿನಾಲ್ಕು ತೊಟ್ಟಿಗಳಲ್ಲಿ ಮಾವ ಹತ್ತೊಂಬತ್ತು ವರ್ಷ ಜೋಡಿ ಹಾಕಿ, ಆರಿಸಿ, ಮತ್ತೆ ಜೋಡಿ ಹಾಕಿ ಬೆಳೆಸಿದ ಡಿಸ್ಕಸ್ ಮೀನುಗಳಿದ್ದವು. ತಟ್ಟೆಯ ಹಾಗೆ ದುಂಡಗೆ, ಚಪ್ಪಟೆ, ಮೈತುಂಬ ನೀಲಿ ಗೆರೆ. ಅವುಗಳ ಮರಿಗಳು ಮೊದಲ ಕೆಲವು ದಿನ ತಂದೆತಾಯಿಯ ಮೈಮೇಲಿನ ಲೋಳೆಯನ್ನೇ ಕಚ್ಚಿ ತಿಂದು ಬದುಕುತ್ತವೆ. “ನೋಡು, ಹೆತ್ತವರನ್ನ ಹೇಗೆ ಸುಲಿದು ತಿಂತಾವೆ, ಥೇಟ್ ನನ್ನ ಮಗನ ಹಾಗೆ” ಎಂದು ಮಾವ ನಗುತ್ತಿದ್ದರು. ಮಗ ಹೋದ ಮೇಲೂ ಆ ಮಾತನ್ನು ಬಿಟ್ಟಿರಲಿಲ್ಲ. ನಗುವುದನ್ನು ಮಾತ್ರ ಬಿಟ್ಟಿದ್ದರು.

ವಿಮೆ ಮಾಡಿಸಿದ್ದೂ ಮಾವನೇ. ಬೆಂಕಿಗೆ, ಕಳ್ಳತನಕ್ಕೆ ಮೊದಲೇ ಇತ್ತು. ಏಜೆಂಟ್ ಒಂದು ದಿನ ಬಂದು ಇನ್ನೊಂದು ಕಾಗದ ಮುಂದಿಟ್ಟ. “ಮಾಮೂಲಿ ಪಾಲಿಸೀಲಿ ಭಯೋತ್ಪಾದನೆ ಸೇರಲ್ಲ ಸಾರ್. ಯಾವ ಕಂಪನೀನೂ ಒಬ್ಬಂಟಿಯಾಗಿ ಆ ಭಾರ ಹೊರಲ್ಲ. ಅದಕ್ಕೆ ಇದು ಬೇರೆ. ಇದರ ಹಿಂದೆ ಸರ್ಕಾರಾನೇ ನಿಂತಿದೆ. ಕಂಪನಿ ಮುಳುಗಿದ್ರೂ ಸರ್ಕಾರ ಮುಳುಗಲ್ಲ.”

“ಅದು ಮುಳುಗಲ್ಲ ಕಣಪ್ಪ, ನಮ್ಮನ್ನ ಮುಳುಗಿಸುತ್ತೆ ಅಷ್ಟೆ” ಎಂದರು ಮಾವ. ಆದರೂ ಸಹಿ ಹಾಕಿದರು. ಆಮೇಲೆ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು: “ನಮ್ಮ ಮೀನಿಗೆ ಸರ್ಕಾರಾನೇ ಜಾಮೀನು!”

ಅಂಗಡಿಯ ಮುಂದೆ, ಮಾರಾಟದ ಮೀನಿನ ತೊಟ್ಟಿಗಳು ಹೊರಗೆ ಕಾಣುವ ದೊಡ್ಡ ಗಾಜಿನ ಕೆಳಗೆ, ಬೀಗ ರಿಪೇರಿ ಮಾಡುವವನೊಬ್ಬ ಒಂಬತ್ತು ವರ್ಷದಿಂದ ಪೆಟ್ಟಿಗೆ ಹಾಕಿಕೊಂಡು ಕೂರುತ್ತಿದ್ದ. ಬಾಯಿ ಜೋರು, ಮನಸ್ಸು ಮೆದು. “ನಿಮ್ಮ ಮೀನೆಲ್ಲ ದಿನವಿಡೀ ನನ್ನ ಬೆನ್ನೇ ನೋಡ್ತಾವೆ ಮೀನಕ್ಕ, ನೋಡೋ ಚಾರ್ಜು ಕೊಡಿ” ಎನ್ನುತ್ತಿದ್ದ.

ಅದು ಮಂಗಳವಾರ, ಬೆಳಗಿನ ಹನ್ನೊಂದರ ಹೊತ್ತು. ಮಂಡಿ ನೋವೆಂದು ಮಾವ ಮನೆಯಲ್ಲೇ ಉಳಿದಿದ್ದರು. ಮೀನಕ್ಕ ಹಿಂದಿನ ಕೋಣೆಯಲ್ಲಿ ಫಿಲ್ಟರಿನ ಸ್ಪಂಜು ಹಿಂಡುತ್ತಿದ್ದಾಗ ಹೊರಗೆ ಯಾರೋ ಒಂದರ ಹಿಂದೊಂದು ಶಟರ್ ಎಳೆದಂತೆ ಸದ್ದಾಯಿತು. ಆಮೇಲೆ ಜನರ ಕೂಗು. ಅವಳು ಸ್ಪಂಜನ್ನು ಕೈಯಲ್ಲಿ ಹಿಡಿದೇ ತೊಟ್ಟಿಗಳ ನಡುವೆ ಕುಸಿದು ಕುಳಿತಳು. ಎಷ್ಟೋ ಹೊತ್ತಿನ ಮೇಲೆ ಪೊಲೀಸರು ಹಿಂಬಾಗಿಲು ತಟ್ಟಿ, ತಲೆಯ ಮೇಲೆ ಕೈ ಇಡಿಸಿ ಹೊರಗೆ ಕರೆದೊಯ್ದರು. ಬಸ್ ನಿಲ್ದಾಣದಲ್ಲಿ ಇಳಿದ ಇಬ್ಬರು ಬಂದೂಕು ಹಿಡಿದು ಬೀದಿಯುದ್ದಕ್ಕೂ ನಡೆದು ಹೋಗಿದ್ದರು. ಎಂಟು ಜನ ಸತ್ತಿದ್ದರು. ಬೀಗದವನು ತನ್ನ ಪೆಟ್ಟಿಗೆಯ ಪಕ್ಕದಲ್ಲೇ ಬಿದ್ದಿದ್ದ.

ಆ ಇಬ್ಬರು ಒಂದು ಚೀಲ ಬಿಟ್ಟು ಹೋಗಿದ್ದರು. ಬಾಂಬಿರಬಹುದೆಂದು ಇಡೀ ಬೀದಿಯ ವಿದ್ಯುತ್ ತೆಗೆದರು, ಎರಡೂ ತುದಿಗೆ ಹಳದಿ ಪಟ್ಟಿ ಕಟ್ಟಿದರು. ಮೀನಕ್ಕನಿಗೆ ಲೆಕ್ಕ ಗೊತ್ತಿತ್ತು: ಬ್ಯಾಟರಿ ಪಂಪು ಆರು ತಾಸು ನಡೆಯುತ್ತದೆ. ಆಮೇಲೆ ನೀರಿಗೆ ಗಾಳಿಯಿಲ್ಲ. ದೊಡ್ಡ ಮೀನುಗಳು ಮೊದಲು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ.

ಸಂಜೆ ನಾಲ್ಕಕ್ಕೆ ಅವಳು ಪಟ್ಟಿಯ ಬಳಿ ನಿಂತಿದ್ದ ಪೊಲೀಸನ ಮುಂದೆ ಕೈಮುಗಿದಳು. “ಐದು ನಿಮಿಷ ಬಿಡಿ ಅಣ್ಣ. ಬ್ಯಾಟರಿ ಬದಲಾಯಿಸಿ ಓಡಿ ಬರ್ತೀನಿ. ಬೇಕಿದ್ರೆ ನೀವೇ ಜೊತೆಗೆ ಬನ್ನಿ.”

ಅವನು ಎಳೆಯ ವಯಸ್ಸಿನವನು; ಮುಖ ಬಿಳಿಚಿಕೊಂಡಿತ್ತು. “ಅಮ್ಮಾ, ಅಲ್ಲಿ ಇನ್ನೂ ಹೆಣ ಎತ್ತಿಲ್ಲ. ನೀವು ಮೀನು ಅಂತೀರಲ್ಲ.”

ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಾಚಿಕೆಯಿಂದ ತಲೆ ತಗ್ಗಿಸಿ ಮನೆಗೆ ಬಂದಳು. ಆದರೆ ಮರುದಿನ ಮತ್ತೆ ಹೋದಳು, ಅದರ ಮರುದಿನವೂ. ಹನ್ನೊಂದು ದಿನ ಪಟ್ಟಿ ಬಿಚ್ಚಲಿಲ್ಲ.

ಬಿಚ್ಚಿದ ದಿನ ಮಾವ ತಾವೂ ಬರುತ್ತೇನೆಂದು ಹಟ ಹಿಡಿದರು. ಬಾಗಿಲು ತೆರೆದ ಕೂಡಲೇ ವಾಸನೆ ಮುಖಕ್ಕೆ ರಾಚಿತು. ತೊಟ್ಟಿಗಳ ನೀರು ಹಾಲು ಒಡೆದಂತಾಗಿತ್ತು. ಮಾವ ಪ್ರತಿ ತೊಟ್ಟಿಯ ಮುಂದೆಯೂ ನಿಂತು ನೋಡಿದರು, ಒಂದನ್ನೂ ಬಿಡಲಿಲ್ಲ. ಆಮೇಲೆ ಸ್ಟೂಲಿನ ಮೇಲೆ ಕುಳಿತು, “ಆ ಬಕೆಟ್ ಈ ಕಡೆ ಕೊಡಮ್ಮ” ಎಂದರು. ಇಬ್ಬರೂ ಸೇರಿ ಸಂಜೆಯವರೆಗೆ ಎತ್ತಿ ಹಾಕಿದರು.

“ಹೋಗ್ಲಿ ಬಿಡು” ಎಂದರು ಮಾವ ಕೊನೆಗೆ. “ವಿಮೆ ಬರುತ್ತಲ್ಲ. ನಾಲ್ಕು ಜೋಡಿ ತಂದ್ರೆ ಮತ್ತೆ ಶುರು ಮಾಡಬಹುದು. ನನ್ನ ಕಾಲಕ್ಕೆ ಆಗದಿದ್ರೆ ನಿನ್ನ ಕಾಲಕ್ಕಾದ್ರೂ ಆಗುತ್ತೆ.”

ವಿಮೆ ಕಚೇರಿಗೆ ಫೋನ್ ಮಾಡಿದಾಗ ಮಾತಾಡಿದ ಹುಡುಗಿ ಒಳ್ಳೆಯವಳೇ. ಎಲ್ಲ ಬರೆದುಕೊಂಡು ಕೇಳಿದಳು, “ಕಟ್ಟಡಕ್ಕೆ ಏನಾಗಿದೆ ಮೇಡಂ?”

“ಕಟ್ಟಡಕ್ಕೇನೂ ಆಗಿಲ್ಲ. ಮೀನೆಲ್ಲ ಸತ್ತು ಹೋಗಿವೆ.”

“ಅಲ್ಲ ಮೇಡಂ, ಈ ಪಾಲಿಸೀಲಿ ದಾಳಿಯಿಂದ ಕಟ್ಟಡಕ್ಕೋ ಸಾಮಾನಿಗೋ ನೇರವಾಗಿ ಪೆಟ್ಟು ಬಿದ್ದಿರಬೇಕು. ಅದಿದ್ರೆ ಮಾತ್ರ ಆಮೇಲಿನ ನಷ್ಟಕ್ಕೂ ದುಡ್ಡು ಸಿಗುತ್ತೆ. ನಿಮ್ಮ ಮೀನು ಸತ್ತದ್ದು ಕರೆಂಟಿಲ್ಲದೆ. ಕರೆಂಟು ತೆಗೆದವರು ಪೊಲೀಸರು.”

“ಪೊಲೀಸರೇನು ಸುಮ್ಮನೆ ತೆಗೆದ್ರಾ?”

ಹುಡುಗಿ ದನಿ ತಗ್ಗಿಸಿ, ಹೌದೆನ್ನಲಿ ಎಂದು ಬೇಡುವವಳಂತೆ ಕೇಳಿದಳು: “ಗಾಜಾದರೂ ಒಡೆದಿದೆಯಾ ಮೇಡಂ? ಒಂದು ಗಾಜು?”

“ನೋಡಿ ಹೇಳ್ತೀನಿ” ಎಂದಳು ಮೀನಕ್ಕ.

ಮಾರನೆಯ ದಿನ ಬೆಳಿಗ್ಗೆ ಅಕ್ಕಪಕ್ಕದ ಅಂಗಡಿಗಳು ತೆರೆಯುವ ಮೊದಲು ಅವಳು ತೊಟ್ಟಿಯ ಚೌಕಟ್ಟಿಗೆ ಮೊಳೆ ಹೊಡೆಯುವ ಸಣ್ಣ ಸುತ್ತಿಗೆ ಹಿಡಿದು ಮುಂದಿನ ಗಾಜಿನ ಎದುರು ನಿಂತಳು. ಬದುಕಿನಲ್ಲಿ ಅವಳು ಯಾರಿಗೂ ಒಂದು ಮೀನು ಕಡಿಮೆ ಎಣಿಸಿ ಕೊಟ್ಟವಳಲ್ಲ. ಮೊದಲ ಏಟಿಗೆ ಗಾಜು ಅಲುಗಲಿಲ್ಲ. ಎರಡನೆಯದಕ್ಕೆ ಮೂಲೆಯಲ್ಲಿ ಸಣ್ಣ ತೂತಾಗಿ ಬಿರುಕು ಮೇಲಕ್ಕೆ ಓಡಿತು. ಗಾಜಿನ ಪುಡಿಯನ್ನು ಒಳಗಿನಿಂದ ಗುಡಿಸಿ ಕಾಗದದಲ್ಲಿ ಸುತ್ತಿ ಎಸೆದಳು.

ಎರಡು ದಿನದ ಮೇಲೆ ನಷ್ಟ ಅಂದಾಜು ಮಾಡಲು ವಿಮೆಯ ಸರ್ವೇಯರ್ ಬಂದ. ಸಣಕಲು ಮನುಷ್ಯ, ಕೈಯಲ್ಲಿ ಟಾರ್ಚು, ಟೇಪು. ಮಾವನೇ ಅವನ ಕೈಹಿಡಿದು ಗಾಜಿನ ಬಳಿಗೆ ಕರೆದೊಯ್ದರು. ಸೊಸೆ ಹೇಳಿದ್ದನ್ನು ಅವರು ಹಾಗೇ ನಂಬಿದ್ದರು.

“ನೋಡಿ ಸಾರ್, ಗುಂಡೇ ತಾಗಿದ್ದು. ನನ್ನ ಸೊಸೆ ಒಳಗಿದ್ದಳು. ಒಂದು ಗೇಣು ಈ ಕಡೆ ಬಂದಿದ್ರೆ ಇವತ್ತು ನಾನು ಇವಳ ಫೋಟೊ ಮುಂದೆ ಕೂತಿರ್ತಿದ್ದೆ.” ಅರ್ಜಿಯ ಮೂರೂ ಪುಟಕ್ಕೆ ಅವರೇ ಸಹಿ ಹಾಕಿದರು. ಪಾಲಿಸಿ ಇದ್ದದ್ದು ಅವರ ಹೆಸರಿನಲ್ಲಿ. ಆ ಸಹಿಯ ಯೋಚನೆ ಮೀನಕ್ಕನಿಗೆ ಅಲ್ಲಿಯವರೆಗೆ ಬಂದೇ ಇರಲಿಲ್ಲ. ಈಗ ಬಂತು. ಆದರೆ ಬಾಯಿ ತೆರೆಯಲಿಲ್ಲ.

ಮೂರು ವಾರ ಕಳೆದ ಮೇಲೆ ಸರ್ವೇಯರ್ ಮತ್ತೆ ಬಂದ. ಈ ಸಲ ಟೇಪು ತಂದಿರಲಿಲ್ಲ, ಕಣ್ಣು ಕೊಟ್ಟು ಮಾತಾಡಲಿಲ್ಲ. ಕೌಂಟರಿನ ಮೇಲೆ ಒಂದು ಫೋಟೊ ಇಟ್ಟ. “ಸರ್ಕಾರದ ದುಡ್ಡು ಅಲ್ವಾ ಅಮ್ಮ, ಪ್ರತಿಯೊಂದು ಅರ್ಜೀನೂ ಪೊಲೀಸರ ದಾಖಲೆ ಜೊತೆ ಹೋಲಿಸ್ತಾರೆ. ಇದು ದಾಳಿ ನಡೆದ ಎರಡು ತಾಸಿಗೆ ತೆಗೆದದ್ದು.”

ಫೋಟೊದಲ್ಲಿ ಗಾಜು ಇಡಿಯಾಗಿತ್ತು. ಮೂಲೆಯೂ ಇಡಿಯಾಗಿತ್ತು. ಅದರ ಹಿಂದೆ ಮಂಕು ಬೆಳಕಿನಲ್ಲಿ ಮೀನುಗಳು ಇನ್ನೂ ಈಜುತ್ತಿದ್ದವು.

“ಏನದು, ತೋರಿಸಿ” ಎಂದು ಮಾವ ಕನ್ನಡಕ ಹುಡುಕತೊಡಗಿದರು.

“ಮಾವ, ಗಾಜು ಒಡೆದದ್ದು ನಾನು” ಎಂದಳು ಮೀನಕ್ಕ.

ಮಾವ ಕನ್ನಡಕ ಹಾಕಿಕೊಂಡು ಫೋಟೊ ನೋಡಿದರು. ಸೊಸೆಯ ಮುಖ ನೋಡಲಿಲ್ಲ. ಸರ್ವೇಯರನಿಗೆ ಹೇಳಿದರು, “ಸಹಿ ನನ್ನದು. ಏನಿದ್ರೂ ನನ್ನ ಮೇಲೇ ಬರ್ಕೊಳ್ಳಿ.”

“ಇವರಿಗೇನೂ ಗೊತ್ತಿರಲಿಲ್ಲ ಸಾರ್, ನನ್ನ ಹೆಸರು ಬರೀರಿ” ಎಂದು ಅವಳು ಅವನ ತೋಳು ಹಿಡಿದುಕೊಂಡಳು. ಅವನು ಮೆಲ್ಲಗೆ ಬಿಡಿಸಿಕೊಂಡ. “ನನ್ನ ಕೈಲಿ ಏನೂ ಇಲ್ಲ ಅಮ್ಮ. ಒಡೆಯದೇ ಇದ್ದಿದ್ರೆ ದುಡ್ಡು ಬರ್ತಿರಲಿಲ್ಲ, ಅಷ್ಟೆ. ಈಗ ಕೇಸೂ ಬರುತ್ತೆ.”

ಕೇಸು ಬಂತು, ಮಾವನ ಹೆಸರಿಗೇ. ಎಪ್ಪತ್ತನಾಲ್ಕರ ಮನುಷ್ಯ ಠಾಣೆಯ ಬೆಂಚಿನ ಮೇಲೆ ಇಡೀ ದಿನ ಮಂಡಿ ಹಿಡಿದು ಕುಳಿತರು. ಸತ್ತವರ ಹೆಸರಿನಲ್ಲಿ ಸರ್ಕಾರಕ್ಕೆ ಟೋಪಿ ಹಾಕಲು ಹೊರಟ ಮೀನಿನಂಗಡಿ ಎಂದು ಪತ್ರಿಕೆಯಲ್ಲಿ ಬಂತು. ಬೀದಿಯವರು ಮೀನಕ್ಕನನ್ನು ಕಂಡರೆ ಒಳಗೆ ಏನೋ ಕೆಲಸವಿದ್ದವರಂತೆ ತಿರುಗಿಕೊಳ್ಳುತ್ತಿದ್ದರು. ಒಡೆದದ್ದು ತಾನೆಂಬ ಅವಳ ಹೇಳಿಕೆಯನ್ನೂ ಬರೆದುಕೊಂಡರು. ಇಬ್ಬರೂ ಆರೋಪಿಗಳಾದರು, ಅಷ್ಟೇ ವ್ಯತ್ಯಾಸ.

ಅಂಗಡಿ ಖಾಲಿ ಮಾಡುತ್ತಿದ್ದ ದಿನ ಬೀಗದವನ ಹೆಂಡತಿ ಬಂದಳು. ಬಯ್ಯಲು ಬಂದಿದ್ದಾಳೆಂದು ಮೀನಕ್ಕ ಎದ್ದು ನಿಂತಳು. ಬಯ್ದಿದ್ದರೆ ಚೆನ್ನಾಗಿತ್ತು.

“ಪೊಲೀಸರು ತೆಗೆದ ಫೋಟೊ ನಿಮಗೆ ತೋರಿಸಿದ್ರಂತೆ” ಎಂದಳು ಆಕೆ. “ನಮ್ಮ ಯಜಮಾನ್ರು ಅದರಲ್ಲಿದ್ದಾರಂತೆ. ನನಗೆ ಶವದ ಪೆಟ್ಟಿಗೆ ಮುಚ್ಚಿಯೇ ಕೊಟ್ಟರು, ಮುಖ ನೋಡ್ಲಿಕ್ಕೆ ಬಿಡಲಿಲ್ಲ. ನೀವು ನೋಡಿದ್ರಲ್ಲ. ಮುಖ ಹೇಗಿತ್ತು?”

ಫೋಟೊದ ಕೆಳಗಿನ ಅರ್ಧದಲ್ಲಿ ಅವನಿದ್ದ, ಗಾಜಿನ ಕೆಳಗೆ. ಇದ್ದಿರಲೇಬೇಕು. ಆದರೆ ಮೀನಕ್ಕ ಮೂಲೆಯ ಗಾಜನ್ನು ನೋಡಿದ್ದಳು, ಮೀನು ನೋಡಿದ್ದಳು. ಒಂಬತ್ತು ವರ್ಷ ದಿನಾ ಮಾತಾಡಿಸಿದ ಮನುಷ್ಯನ ಕಡೆಗೆ ಅವಳ ಕಣ್ಣೇ ಹೋಗಿರಲಿಲ್ಲ.

“ಮಲಗಿದ ಹಾಗಿತ್ತು” ಎಂದಳು. “ನೋವು ಕಾಣ್ತಿರಲಿಲ್ಲ.”

ಆಕೆ ಅವಳನ್ನು ದಿಟ್ಟಿಸಿ ನೋಡಿದಳು, ಬಹಳ ಹೊತ್ತು. ನಂಬಬೇಕೆಂದು ಎಷ್ಟು ಆಸೆಯಿತ್ತೋ ಅಷ್ಟೂ ಆ ಮುಖದಲ್ಲಿತ್ತು. ಆಮೇಲೆ, “ನೀವು ಹೇಳಿದ್ದನ್ನ ಹೇಗೆ ನಂಬಲಿ?” ಎಂದು ಕೇಳಿ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೊರಟುಹೋದಳು.

ಮಾವನಿಗೆ ವಯಸ್ಸು ನೋಡಿ ಜೈಲು ತಪ್ಪಿಸಿದರು. ಇಬ್ಬರಿಗೂ ಬಿದ್ದ ದಂಡಕ್ಕೆ ತೊಟ್ಟಿ, ಪಂಪು, ದೀಪ ಎಲ್ಲ ಹೋದವು. ಮೀನಕ್ಕ ಈಗ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಮಡಚುತ್ತಾಳೆ. ಅಲ್ಲಿ ಅವಳನ್ನು ಯಾರೂ ಮೀನಕ್ಕ ಎನ್ನುವುದಿಲ್ಲ. ಮಾವ ಅವಳಿಗೆ ಒಂದು ದಿನವೂ ಬಯ್ಯಲಿಲ್ಲ. ಊಟಕ್ಕೆ ಕರೆದರೆ ಬರುತ್ತಾರೆ, ಔಷಧಿ ಕೊಟ್ಟರೆ ನುಂಗುತ್ತಾರೆ. ಆದರೆ ಅವಳು ಏನಾದರೂ ಹೇಳಿದರೆ, ಹೊರಗೆ ಬಿಸಿಲಿದೆ ಎಂದರೂ ಸರಿ, ಎದ್ದು ಹೋಗಿ ಕಿಟಕಿಯಿಂದ ತಾವೇ ಒಮ್ಮೆ ನೋಡಿ ಬರುತ್ತಾರೆ.