ಮರಳಿನ ಕೂಸು

ಬೊಂಬೆಗೆ ತೂಕ ಬೇಕು ಎಂದು ಹೊಳೆದದ್ದು ಮಗಳಿಗೇ. ಆಮೇಲೆ ಅದನ್ನು ಬೇರೆ ಯಾರ ತಲೆಗೆ ಕಟ್ಟುವುದಕ್ಕೂ ಆಗಲಿಲ್ಲ.

ತಾಯಿ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವಳು. ಹುಟ್ಟಿದ ಕೂಸನ್ನು ಒರೆಸಿ, ಬೆಚ್ಚಗೆ ಸುತ್ತಿ, ಬಾಣಂತಿಯ ಮಗ್ಗುಲಿಗೆ ತಂದಿಡುವುದು ಅವಳ ಕೆಲಸ. ಅರ್ಧ ಊರು ಕಣ್ಣು ಬಿಟ್ಟು ಮೊದಲು ನೋಡಿದ್ದು ನನ್ನ ಮೂತಿಯನ್ನೇ ಎಂದು ಬೀಗುತ್ತಿದ್ದಳು. ಈಗ ಮರೆವು ಅವಳನ್ನು ಗೆದ್ದಲಿನ ಹಾಗೆ ಒಳಗಿಂದಲೇ ತಿನ್ನುತ್ತಿತ್ತು. ಮಗಳನ್ನೇ ಒಮ್ಮೊಮ್ಮೆ ‘ಸಿಸ್ಟರ್’ ಎನ್ನುವಳು. ಬೆಳಕು ಹರಿಯುತ್ತಲೇ ಚಪ್ಪಲಿ ಮೆಟ್ಟಿ, ಡ್ಯೂಟಿಗೆ ಹೊತ್ತಾಯ್ತು ಎಂದು ಹೊರಟುಬಿಡುವಳು. ಕೊನೆಯ ಸಲ ಲಾರಿಯವನು ಬ್ರೇಕು ಒತ್ತಿದ್ದಕ್ಕೆ ಉಳಿದುಕೊಂಡಳು. ಬಸ್ಸು ಓಡಿಸುವ ಅಳಿಯ ಆ ಸುದ್ದಿ ಕೇಳಿ ನೇರ ಮನೆಗೆ ಬಂದ.

“ಇನ್ನೊಂದು ಸಲ ಹೀಗಾದ್ರೆ ಎಲ್ಲಾದ್ರೂ ಒಳ್ಳೆ ಕಡೆ ಸೇರಿಸಿಬಿಡೋಣ,” ಎಂದ. “ಬೇಕಾದ್ರೆ ನಾನೇ ಕೆಟ್ಟವನಾಗ್ತೀನಿ. ನಿಮ್ಮಮ್ಮ ಚಕ್ರಕ್ಕೆ ಸಿಗೋದು ಬೇಡ.”

ಅಮ್ಮನನ್ನು ಹೊರಗೆ ಹಾಕುವುದು ಮಗಳಿಂದಾಗದ ಮಾತು. ಆದರೆ ಮೊಲೆ ಕುಡಿಯುವ ಕೂಸು ಒಂದು ಕಡೆ, ಮನೆಯಲ್ಲೇ ಹೊಲಿಯುವ ಶಾಲೆಯ ಸಮವಸ್ತ್ರಗಳ ರಾಶಿ ಇನ್ನೊಂದು ಕಡೆ. ಇರುವುದು ಎರಡೇ ಕಣ್ಣು.

ಆಗ ಬಂದವಳು ಮರೆವಿನ ಹಿರಿಯರನ್ನು ನೋಡಿಕೊಳ್ಳುವ ಹಗಲು ಆರೈಕೆ ಕೇಂದ್ರದ ಹೆಂಗಸು. ವಾರಕ್ಕೊಮ್ಮೆ ಮನೆಗೇ ಬಂದು ಕೂರುವಳು. ತಾಯಿ ಅವಳಿಗೆ ‘ಮೇಷ್ಟ್ರಮ್ಮ’ ಎಂದು ಹೆಸರಿಟ್ಟಿದ್ದಳು.

“ಬೈದು ಕೂರಿಸ್ಬೇಡಿ,” ಎಂದಳು ಮೇಷ್ಟ್ರಮ್ಮ. “ಅವ್ರಿಗೆ ಗೊತ್ತಿರೋ ಕೆಲಸವನ್ನೇ ಕೊಡಿ. ಆಟ ಆಡಿಸೋ ಹಾಗಲ್ಲ, ನಿಜವಾದ ಕೆಲಸದ ಹಾಗೆ. ಶುರು ಯಾವುದು, ಮುಗಿಯೋದು ಯಾವುದು ಅಂತ ದಿನಾ ಒಂದೇ ಥರ ಗೊತ್ತಾಗ್ಬೇಕು. ಮುಗಿಯೋದು ತಿಳೀದೇ ಇದ್ರೆ ಜೀವ ಒದ್ದಾಡತ್ತೆ.”

ಮೊದಲು ಅಂಗಡಿಯ ಪ್ಲಾಸ್ಟಿಕ್ ಬೊಂಬೆ ತಂದರು. ತಾಯಿ ಅದನ್ನು ಕಾಲು ಹಿಡಿದು ಎತ್ತಿ ನೋಡಿ ಮೂಲೆಗೆ ಎಸೆದಳು. “ನನಗೇನು ಅರಳು ಮರಳೇನೇ? ಇದನ್ನ ನಿಮ್ಮ ಮೇಷ್ಟ್ರಮ್ಮನ ಸೊಂಟಕ್ಕೆ ಕಟ್ಟು.”

ಮಗಳು ಹೊಲಿಗೆಯವಳಲ್ಲವೇ, ತಾನೇ ಕೂತು ಬಟ್ಟೆಯ ಕೂಸು ಹೊಲಿದಳು. ಹೊಟ್ಟೆಗೆ, ಕುಂಡಿಗೆ ಮರಳು ತುಂಬಿದಳು. ಒಂದು ತೋಳಲ್ಲಿ ತನ್ನ ಕೂಸು, ಇನ್ನೊಂದರಲ್ಲಿ ಬೊಂಬೆ ಹಿಡಿದು ಎರಡೂ ಸಮವಾಗುವ ತನಕ ತುಂಬಿದಳು. ತನ್ನ ಕೂಸಿನ ಅಂಗಿ ಹೊಲಿದು ಮಿಕ್ಕ ಹಳದಿ ಬಟ್ಟೆಯಲ್ಲೇ ಅದಕ್ಕೂ ಅಂಗಿ. ಕೊನೆಗೆ ಮಂಚದ ಪಕ್ಕ ಬಟ್ಟೆಚೂರು ಹಾಕುತ್ತಿದ್ದ ಮರದ ಪೆಟ್ಟಿಗೆ ಇಟ್ಟಳು. “ಎಲ್ಲಾ ಆದಮೇಲೆ ಇದರಲ್ಲಿ ಮಲಗಿಸಿ ಮುಚ್ಚಳ ಹಾಕಮ್ಮ. ಅಲ್ಲಿಗೆ ಡ್ಯೂಟಿ ಮುಗೀತು.”

ತಾಯಿ ಪೆಟ್ಟಿಗೆಯನ್ನು ನೋಡಿದಳು, ಮಗಳ ಮುಖವನ್ನು ನೋಡಿದಳು. ಏನೋ ಕೇಳಹೊರಟವಳು ಕೇಳಲಿಲ್ಲ. ಬೊಂಬೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

ಅಂದಿನಿಂದ ಮನೆ ಮನೆಯಂತಾಯಿತು. ದಿನವೂ ಮಗಳು ತಂದು ಕೊಟ್ಟ ಬೊಂಬೆಯನ್ನು ತಾಯಿ ಒದ್ದೆ ಬಟ್ಟೆಯಲ್ಲಿ ಒರೆಸುವಳು, ಅಂಗಿ ತೊಡಿಸುವಳು, ಸುತ್ತುವಳು, ಪೆಟ್ಟಿಗೆಯಲ್ಲಿಟ್ಟು ಕೊಂಡಿ ಹಾಕುವಳು. ಚಪ್ಪಲಿಯ ನೆನಪೇ ಇಲ್ಲ. ಒಂದೇ ವಿಚಿತ್ರವೆಂದರೆ, ಕೆಲಸ ಮಾಡುವಾಗ ಬಾಯಿ ಬಿಡುತ್ತಿರಲಿಲ್ಲ. ತೊಟ್ಟಿಲ ಕೂಸನ್ನು ಕಂಡರೆ ಕಳ್ಳ, ಮಳ್ಳ ಎಂದು ನೂರು ಮಾತಾಡುವವಳು, ಬೊಂಬೆಯೆದುರು ತುಟಿ ಹೊಲಿದ ಹಾಗೆ. ಗಮನ ಕೊಟ್ಟು ಮಾಡ್ತಾಳೆ ಎಂದು ಮಗಳು ಹಿಗ್ಗಿದಳು.

ಆ ಮಧ್ಯಾಹ್ನ ಕಾಲರು ಹೊಲಿದು ಮುಗಿಸುವ ಗಡಿಬಿಡಿ. ಮೆಷಿನ್ನಿನ ಮೋಟಾರು ಮುಂದಿನ ಕೋಣೆಯನ್ನೆಲ್ಲ ತುಂಬಿಕೊಂಡು ಗುರ್ರೆನ್ನುತ್ತಿತ್ತು. ನೂಲು ಕಡಿದು, ಮೋಟಾರು ನಿಲ್ಲಿಸಿ, ಸೂಜಿಗೆ ಪೋಣಿಸುವಾಗ ಒಳಗಿನ ನಿಶ್ಶಬ್ದ ಕಿವಿಗೆ ಬಿತ್ತು. ಅಷ್ಟರಲ್ಲಿ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮೊಣಕೈ ತನಕ ಒದ್ದೆ.

“ಡ್ಯೂಟಿ ಮುಗೀತು ಸಿಸ್ಟರ್. ಒಂದು ಲೋಟ ಟೀ ಕೊಡಿ.”

“ಕೊಡ್ತೀನಮ್ಮ. ಇದೇನು ಇಷ್ಟೊಂದು ನೀರು ಮಾಡ್ಕೊಂಡಿದ್ದೀಯ?”

“ಇವತ್ತಿಂದು ಭಾರಿ ತುಂಟ. ಕೈಕಾಲು ಬಡಿದು ನನಗೇ ಸ್ನಾನ ಮಾಡಿಸ್ತು.”

ಹಿಡಿದ ನೂಲು ಎಲ್ಲಿ ಬಿತ್ತೋ. ಮಗಳು ಒಳಗೆ ಓಡಿದಳು. ತೊಟ್ಟಿಲು ಖಾಲಿ. ಬೋಗುಣಿಯಲ್ಲಿ ನೀರು ಇನ್ನೂ ಅಲುಗುತ್ತಿತ್ತು. ಪೆಟ್ಟಿಗೆಯ ಮುಚ್ಚಳ ಮುಚ್ಚಿತ್ತು, ಕೊಂಡಿಯೂ ಹಾಕಿತ್ತು.

ಕೊಂಡಿ ಬೆರಳಿಗೆ ಸಿಗಲೊಲ್ಲದು. ಉಗುರು ಕಿತ್ತು ಮುಚ್ಚಳ ತೆರೆದರೆ ಹಳದಿ ಅಂಗಿ. ಮುಖದ ಮೇಲೆ ಬಟ್ಟೆ ಹೊದಿಸಿತ್ತು. ಬಾಚಿ ಎದೆಗೆ ಅಪ್ಪಿಕೊಂಡಳು. ಅದೇ ತೂಕ. ತಾನೇ ಅಳೆದು ತುಂಬಿದ ತೂಕ ತನ್ನ ತೋಳನ್ನೇ ಏಮಾರಿಸಿತು. ಬಟ್ಟೆ ಸರಿಸಿದಾಗಲೇ ನೂಲಿನ ಕಣ್ಣುಗಳು ಕಂಡದ್ದು.

ಕೂಸು ಮಂಚದ ಮೇಲಿತ್ತು. ಗೋಡೆಯ ಕಡೆಗೆ, ಎರಡು ದಿಂಬಿನ ನಡುವೆ, ಮಿಂದು, ಬೆಚ್ಚಗೆ ಸುತ್ತಿಸಿಕೊಂಡು ನಿದ್ದೆ ಮಾಡುತ್ತಿತ್ತು. ಒಂದು ಹನಿ ನೀರೂ ಕಿವಿಗೆ ಹೋಗಿರಲಿಲ್ಲ. ಮಗಳು ಅದನ್ನು ಎತ್ತಿಕೊಂಡು ನೆಲದ ಮೇಲೆ ಕೂತಳು.

“ಅಮ್ಮ, ಇದನ್ನ ಯಾಕೆ ಮುಟ್ಟಿದೆ?”

“ಅಳ್ತಿತ್ತು. ಅಳೋದನ್ನ ತಾಯಿ ಮಗ್ಗುಲಿಗೆ ಅಲ್ವಾ ಇಡೋದು?” ಹಿಂದೆಯೇ ಬಂದು ನಿಂತಿದ್ದ ತಾಯಿಗೆ ಆಶ್ಚರ್ಯ. “ಅಳದೇ ಇರೋವು ಪೆಟ್ಟಿಗೆಗೆ.”

ಮಗಳು ತಲೆ ಎತ್ತಿ ನೋಡಿದಳು. “ಅಳದೇ ಇರೋವಾ?”

“ದಿನಾ ಒಂದು ತಂದು ಕೊಡ್ತಿದ್ಯಲ್ಲೇ.” ತಾಯಿ ಬಾಗಿ ಅವಳ ತಲೆ ಸವರಿದಳು. “ಎಲ್ಲಾ ಒಂದೇ ಥರ, ಉಸಿರಿಲ್ಲದ್ದು. ನಿನ್ನವೇ ಅಂತ ಮುಖ ನೋಡಿದ್ರೆ ತಿಳೀತು. ನಿನಗೆ ನೋವಾಗುತ್ತೆ ಅಂತ ನಾನು ಕೇಳಲಿಲ್ಲ. ಅಚ್ಚುಕಟ್ಟಾಗಿ ಕಳಿಸಿಕೊಟ್ಟಿದ್ದೀನಿ, ಚಿಂತೆ ಮಾಡಬೇಡ.”

ಎಷ್ಟು ದಿನ ಹಾಗೆ ಬಾಯಿ ಬಿಗಿದುಕೊಂಡು ಆ ಕೆಲಸ ಮಾಡಿದ್ದಳೋ. ಮಾಡಿಸಿದವಳು ಮಗಳು.

ಅಂದು ಸಂಜೆ ಅವಳು ಬೊಂಬೆಯನ್ನು ಬಿಚ್ಚಿ ಮರಳನ್ನು ಹಿತ್ತಲಿಗೆ ಸುರಿದಳು. ಮೆಷಿನ್ನಿನ ಸ್ಕ್ರೂಡ್ರೈವರ್ ತಂದು ಮುಚ್ಚಳವನ್ನೂ ಕಳಚಿದಳು. ನಾಳೆಯಿಂದ ಅಮ್ಮನಿಗೆ ಮಡಿಸಲು ಬಟ್ಟೆ ಕೊಡುವುದು, ಗುಂಡಿ ಬೇರ್ಪಡಿಸಲು ಕೊಡುವುದು. ಕೂಸು ಸೊಂಟದಿಂದ ಇಳಿಯುವುದೇ ಬೇಡ. ಗಂಡನಿಗೆ ಹೇಳುವುದೋ ಬಿಡುವುದೋ, ಅದಿನ್ನೂ ತೀರ್ಮಾನವಾಗಿರಲಿಲ್ಲ.

ತಾಯಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. “ಮುಚ್ಚಳ ಕಿತ್ಯಲ್ಲ. ಡ್ಯೂಟಿ ಮುಗಿಸೋದು ಹೇಗೆ?”

“ಇವತ್ತಿಂದು ಮುಗೀತಲ್ಲಮ್ಮ.”

“ಎಲ್ಲಿ ಮುಗೀತು? ಇನ್ನೊಂದಿದೆ.”

ಒದ್ದೆ ಬಟ್ಟೆಯನ್ನು ಹಿಂಡಿ ಹೆಗಲಿಗೆ ಹಾಕಿಕೊಂಡು ಅವಳು ಹತ್ತಿರ ಬಂದಳು. ಮಗಳ ತೋಳಿನಲ್ಲಿ ಮಲಗಿದ್ದ ಕೂಸಿನ ಮೇಲೆ ಬಾಗಿದಳು, ಕಿವಿಗೊಟ್ಟಳು. ಅದು ಗಾಢ ನಿದ್ದೆಯ ಕೂಸು. ಹೊಟ್ಟೆ ತುಂಬಿದರೆ ಸದ್ದೇ ಇಲ್ಲ. ತಾಯಿಯ ಮುಖ ಮೆತ್ತಗೆ ಬದಲಾಯಿತು. ಬೊಂಬೆಯೆದುರಿನ ಮುಖ. ಮಾತು ನಿಂತಿತು. ಎರಡೂ ಕೈ ಮುಂದೆ ಬಂದವು.

ಮಗಳು ಕೂಸಿನ ಅಂಗಾಲನ್ನು ಚಿವುಟಿದಳು. ಕೂಸು ಬೆಚ್ಚಿ ಚೀರಿತು.

“ಹಾಂ,” ಎಂದು ತಾಯಿ ಕೈ ಹಿಂದಕ್ಕೆ ತೆಗೆದುಕೊಂಡಳು. “ಸದ್ಯ.”

ಹೋಗಿ ಮಂಚದ ತುದಿಗೆ ಕೂತಳು, ಬಟ್ಟೆ ಹೆಗಲ ಮೇಲೇ ಇತ್ತು. ಅಳು ಮೆಲ್ಲಗೆ ಬಿಕ್ಕಾಯಿತು, ಬಿಕ್ಕು ಉಸಿರಾಯಿತು. ತಾಯಿ ತಲೆ ಎತ್ತಿ ಇತ್ತ ನೋಡಿದಳು. ಮಗಳ ಬೆರಳು ಮತ್ತೆ ಅಂಗಾಲನ್ನು ಹುಡುಕಿತು.