ಹೋಟೆಲಿನವನು ಹೆಚ್ಚು ಕೊಟ್ಟ ದುಡ್ಡು

ಅಕ್ಕನ ಕುರ್ಚಿ ಅಂಗಡಿಯ ಲೆಕ್ಕ ಬರೆಯುತ್ತಿದ್ದವನು ನಾನು. ಹೆಂಡತಿ ತೀರಿಕೊಂಡ ಮೇಲೆ ಬೆಳಿಗ್ಗೆ ಎದ್ದು ಶರ್ಟಿಗೆ ಇಸ್ತ್ರಿ ಹಾಕಲು ನನಗಿದ್ದ ಕಾರಣ ಅದೊಂದೇ. ಮನೆಯಲ್ಲಿ ನನ್ನ ಜೊತೆ ಮಾತಾಡುವುದು ಫ್ರಿಜ್ಜು ಮಾತ್ರ, ಅದೂ ಗುರ್ ಅನ್ನುತ್ತದೆ. ಅಂಗಡಿಯಲ್ಲಾದರೆ ಅಕ್ಕ "ಬಂದ್ಯೇನೋ?" ಅನ್ನುತ್ತಿದ್ದಳು. ಆ ಒಂದು ಮಾತಿಗಾಗಿ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ.

ಆ ಸೋಮವಾರ ಅವಳು ಹೇಳಿದಳು, "ಅಂಗಡಿ ಜಾಗ ಕೊಳ್ಳೋಕೆ ಒಬ್ರು ಬಂದಿದ್ದಾರೆ ಕಣೋ. ಮಗಳೂ ನಮ್ಮನೇಲೇ ಬಂದು ಇದ್ಬಿಡಮ್ಮ ಅಂತ ಒಂದೇ ಸಮನೆ ಪ್ರಾಣ ತಿಂತಿದ್ದಾಳೆ. ಮಾರೋದೋ, ಇಟ್ಕೊಳ್ಳೋದೋ, ಲೆಕ್ಕ ನೋಡಿ ಸಂಜೆಯೊಳಗೆ ಹೇಳು. ನೀನು ಹೇಳಿದ ಹಾಗೆ."

ಮಾರಿದರೆ ನಾನೆಲ್ಲಿಗೆ ಹೋಗಲಿ? ಮನೆಯಲ್ಲಿ ಗೂಬೆ ಹಾಗೆ ಗೋಡೆ ನೋಡುತ್ತ ಕೂರಬೇಕಷ್ಟೆ.

ಮೊದಲು ಅನುಪಾತ ತೆಗೆದೆ. ವರ್ಷದೊಳಗೆ ದುಡ್ಡಾಗಬೇಕಾದ ಆಸ್ತಿ, ವರ್ಷದೊಳಗೆ ತೀರಿಸಬೇಕಾದ ಬಾಕಿಯ ಮೂರರಷ್ಟಿತ್ತು. ಪುಸ್ತಕ ಓದಿದವರು ಭೇಷ್ ಅನ್ನಬೇಕು. ಆದರೆ ಆ ಆಸ್ತಿಯೆಂದರೆ ಗೋದಾಮಿನಲ್ಲಿ ಧೂಳು ಹಿಡಿದು ನಿಂತ ಕುರ್ಚಿಗಳು. ಯಾರಿಗೂ ಬೇಡವಾದ ಕುರ್ಚಿಯೂ ಅನುಪಾತದಲ್ಲಿ ದುಡ್ಡಿನ ಹಾಗೇ ಕಾಣುತ್ತದೆ, ಹಾಳಾದ್ದು! ಅವನ್ನು ಬಿಟ್ಟರೆ ಬಾಕಿಯ ಅರ್ಧ ತೀರಿಸಲೂ ಗತಿಯಿರಲಿಲ್ಲ.

ಆದರೂ ಬಡಗಿಯ ಕೂಲಿ, ನನ್ನ ಸಂಬಳ ಒಂದು ತಿಂಗಳೂ ತಪ್ಪಿರಲಿಲ್ಲವಲ್ಲ? ಆಸೆಯಿಂದ ನಗದು ಹರಿವಿನ ಪಟ್ಟಿ ಬರೆಯಲು ಕೂತೆ. ವ್ಯಾಪಾರದಿಂದ ಬಂದ ನಗದು ಒಂದು ಸಾಲು, ಮಾಲೀಕಳು ಕೈಯಿಂದ ಹಾಕಿದ್ದು ಇನ್ನೊಂದು ಸಾಲು. ಎರಡನೆಯದು ಖಾಲಿ. ಸಾಲಕ್ಕೆ ಕುರ್ಚಿ ಕೊಂಡವರ ಹತ್ತಿರ ವಸೂಲಿಗೆ ಅಕ್ಕನೇ ಹೋಗುತ್ತಿದ್ದಳು. ತಿಂಗಳು ತಿಂಗಳೂ ನೋಟಿನ ಕಟ್ಟು ತಂದು, "ಹೋಟೆಲಿನವನು ಕೊಟ್ಟ, ಬರ್ಕೋ" ಅನ್ನುತ್ತಿದ್ದಳು. ನಾನು ಕಣ್ಣುಮುಚ್ಚಿ ಬರೆದುಕೊಳ್ಳುತ್ತಿದ್ದೆ. ಸ್ವಂತ ಅಕ್ಕನನ್ನು ರಸೀದಿ ಕೇಳುವುದುಂಟೇ?

ಈಗ ಕೂಡಿಸಿ ನೋಡಿದರೆ, ಹೋಟೆಲಿನವನು ಕೊಂಡ ಕುರ್ಚಿಗಳ ಬೆಲೆಗಿಂತ ದುಪ್ಪಟ್ಟು ದುಡ್ಡು ಕೊಟ್ಟಿದ್ದ. ಅಂಥ ಧರ್ಮಾತ್ಮ ಗಿರಾಕಿ ಯಾವ ಲೋಕದಲ್ಲಿದ್ದಾನೆ? ಫೋನ್ ಮಾಡಿದೆ. "ನಿಮ್ಮ ಬಾಕಿ ಹೋದ ವರ್ಷಾನೇ ತೀರಿಸಿದ್ನಲ್ಲ ಸಾರ್," ಅಂದ.

ಅಕ್ಕ ಕಿಟಕಿಯ ಹತ್ತಿರ ಕುರ್ಚಿಯೊಂದನ್ನು ಒರೆಸುತ್ತಿದ್ದಳು.

"ಅಕ್ಕಾ, ಆ ದುಡ್ಡು ಯಾರದು?" ರೇಗಿಬಿಟ್ಟೆ.

"ನಿಮ್ಮ ಭಾವ ಬಿಟ್ಟುಹೋಗಿದ್ದು. ಕೂಗಾಡ್ಬೇಡ."

"ತಲೆ ಕೆಟ್ಟಿದ್ಯಾ ನಿಂಗೆ? ನಡೀದೇ ಇರೋ ಅಂಗಡಿಗೆ ಯಾಕೆ ಸುರಿದೆ?"

"ಮುಚ್ಚಿದ್ರೆ ನೀನೆಲ್ಲಿಗೆ ಹೋಗ್ತಿದ್ದೆ? ಇಲ್ಲಿಗೆ ಬಂದ್ರೆ ನನ್ನ ಜೊತೆ ಕೂತು ನಾಲ್ಕು ತುತ್ತಾದ್ರೂ ತಿಂತೀಯ."

ಇನ್ನೆಷ್ಟು ಉಳಿದಿದೆ ಎಂದು ಕೇಳಿದೆ. ಇನ್ನೊಂದು ವರ್ಷ ದೂಡಬಹುದು ಅಂದಳು. ಇಟ್ಕೋ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

ಹೋಟೆಲಿನವನು ಹೆಚ್ಚು ಕೊಟ್ಟನೆಂದು ಬರೆದದ್ದನ್ನೆಲ್ಲ ಹೊಡೆದುಹಾಕಿ, ಮಾಲೀಕಳು ಹಾಕಿದ್ದರ ಸಾಲಿಗೆ ಬರೆದೆ. ವ್ಯಾಪಾರದ ಸಾಲಿನಲ್ಲಿ ನಷ್ಟ ಬಿಟ್ಟು ಏನೂ ಉಳಿಯಲಿಲ್ಲ.

"ಮಾರ್ಬಿಡು," ಅಂದೆ. "ಮಗಳ ಮನೆಗೆ ಹೋಗು."

"ನೀನು?"

"ನಂಗೇನು ಧಾಡಿ? ಗುಂಡುಕಲ್ಲಿನ ಹಾಗಿದ್ದೀನಿ."

ಅಕ್ಕ ಹೋದಳು. ನನಗೆ ಅಳು ಬಂದದ್ದು ಅವಳನ್ನು ಕಳಿಸಿ ಬಂದು ನನ್ನ ಮನೆಯ ಬೀಗ ತೆಗೆದಾಗ. ಅವಳು ಒರೆಸುತ್ತಿದ್ದ ಕುರ್ಚಿ ಈಗ ನನ್ನ ಅಡುಗೆಮನೆಯಲ್ಲಿದೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಅದರಲ್ಲೇ ಕೂತು ಅವಳ ಫೋನಿಗೆ ಕಾಯುತ್ತೇನೆ.

"ಊಟ ಆಯ್ತೇನೋ?" ಎಂದು ಕೇಳುತ್ತಾಳೆ.

"ಆಯ್ತಕ್ಕ, ಹೊಟ್ಟೆ ತುಂಬ ತಿಂದೆ," ಅನ್ನುತ್ತೇನೆ. ಅವಳೂ ರಸೀದಿ ಕೇಳುವುದಿಲ್ಲ.